ಮೂರು ಸಲ ಕರೆದದ್ದು

ಹನೂರಿನ ಬಸ್ಸು ಕೊಳ್ಳೇಗಾಲದ ಸ್ಟ್ಯಾಂಡು ಬಿಡುವುದಕ್ಕೆ ಮೊದಲೇ ಲಕ್ಷ್ಮಿದೇವಿ ಮನಸ್ಸಿನಲ್ಲಿ ಗೆದ್ದಾಗಿತ್ತು. ತೊಡೆಯ ಮೇಲೆ ಕಾಲೇಜಿನ ಲ್ಯಾಪ್‌ಟಾಪು, ಅದರೊಳಗೆ ಅವರ ಗುಂಪಿನ ಹನ್ನೆರಡು ನಿಮಿಷದ ಚಿತ್ರ, ಆ ಚಿತ್ರದ ಕೊನೆಯಲ್ಲಿ ಹನ್ನೊಂದು ಸೆಕೆಂಡಿನ ಒಂದು ತುಣುಕು. ಆ ತುಣುಕನ್ನು ಉಳಿಸಿಕೊಂಡು ಬರುವುದಕ್ಕೇ ಅವಳು ಹೊರಟಿದ್ದು. ಚಿತ್ರದಲ್ಲಿ ಒಬ್ಬ ಮುದುಕ ರೇಷನ್ ಅಂಗಡಿಯ ಯಂತ್ರಕ್ಕೆ ತನ್ನ ಸವೆದ ಹೆಬ್ಬೆರಳನ್ನು ಒತ್ತುತ್ತಾನೆ, ಒರೆಸಿಕೊಂಡು ಮತ್ತೆ ಮತ್ತೆ ಒತ್ತುತ್ತಾನೆ. ಯಂತ್ರ ಅವನನ್ನು ಅವನೇ ಎಂದು ಒಪ್ಪುವುದಿಲ್ಲ. ಖಾಲಿ ಚೀಲ ಮಡಚಿಕೊಂಡು ಮನೆಗೆ ಬಂದವನು ಜಗಲಿಯ ಮೇಲೆ ಮಲಗಿ ಸತ್ತುಹೋಗುತ್ತಾನೆ. ಸತ್ತ ಮುಖ ತೆರೆಯ ತುಂಬ ನಿಂತಿರುವಾಗ, ಕಾಣದ ಕಡೆಯಿಂದ ಅವನ ಹೆಂಡತಿ ಹೆಸರು ಹಿಡಿದು ಮೂರು ಸಲ ಕರೆಯುತ್ತಾಳೆ. ಮೂರು ಸಲವೂ ಉತ್ತರವಿಲ್ಲ. ತೆರೆ ಕಪ್ಪಾಗುತ್ತದೆ. ಇದನ್ನು ಮೊದಲ ಸಲ ನೋಡಿದ ದಿನ ಸದಾಶಿವಪ್ಪ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಕಣ್ಣೊರೆಸಿಕೊಂಡಿದ್ದರು. ಆಮೇಲೆ, ಯಂತ್ರ ಒಪ್ಪದ ಮನುಷ್ಯನಿಗೆ ಸತ್ತ ಮೇಲೆ ಹೆಸರು ಸಿಗುತ್ತದೆ, ಇದನ್ನು ಯಾರಮ್ಮ ಯೋಚನೆ ಮಾಡಿದ್ದು ಎಂದು ಕೇಳಿದ್ದರು. ಯಾರೂ ಯೋಚನೆ ಮಾಡಿರಲಿಲ್ಲ. ಅದು ಅವಳ ಕೈಯಲ್ಲಿ ಆಗಿಹೋಗಿತ್ತು, ಅಷ್ಟೆ. ಆದರೂ ಆರು ಜನರಲ್ಲಿ ಐವರು ಅವಳ ಕಡೆ ತಿರುಗಿ ನೋಡಿದಾಗ ಅವಳಿಗೆ ಸುಖವಾಗಿತ್ತು, ಅದನ್ನು ಮುಚ್ಚಿಡುವ ಅಗತ್ಯವೂ ಕಂಡಿರಲಿಲ್ಲ.

ನಾಳೆ ಮಧ್ಯಾಹ್ನ ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನ. ಮೈಸೂರಿನಿಂದ ಇಬ್ಬರು ತೀರ್ಪುಗಾರರು ಬರುತ್ತಾರೆ. ಎಲ್ಲ ಸರಿಯಾಗಿಯೇ ಇತ್ತು, ಚಿತ್ರದ ನಿರ್ದೇಶಕ ನಿಂಗರಾಜು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಆ ಕೊನೆಯ ತುಣುಕನ್ನು ಹಾಕುವವರೆಗೆ. ಅವನದು ಯಳಂದೂರು; ಮುದುಕನ ಪಾರ್ಟು ಮಾಡಿದ ದೊಡ್ಡಮಾದಯ್ಯನವರು ಹನೂರಿನ ಆಚೆ ಅವನ ಅಜ್ಜಿಯ ಊರಿನವರು. ಸ್ಟೇಟಸ್ಸನ್ನು ಆ ಊರಿನ ಯಾರೋ ನೋಡಿ, ಫೋನು ಹಿಡಿದುಕೊಂಡು ಹೋಗಿ ದೊಡ್ಡಮಾದಯ್ಯನವರ ಹೆಂಡತಿ ಪುಟ್ಟಮಾದಮ್ಮನಿಗೆ ತೋರಿಸಿದರಂತೆ. ಆ ದನಿ ಆಕೆಯದೇ. ಆಕೆ ಎರಡು ಸಲ ನೋಡಿ ಒಳಗೆ ಹೋದರಂತೆ. ಮಾರನೆಯ ದಿನ ನಿಂಗರಾಜುವಿನ ಅಜ್ಜಿಯ ಕೈಲಿ ಹೇಳಿಕಳಿಸಿದ್ದರು: ನನ್ನ ದನಿ ಅದರಲ್ಲಿ ಇರುವುದು ಬೇಡ, ಮಾತಾಡುವುದೇ ಆದರೆ ಅದನ್ನು ಜೋಡಿಸಿದವರು ಬರಲಿ, ಮಿಕ್ಕವರು ಯಾರೂ ಬೇಡ. ನಿಂಗರಾಜು ಈ ಮಾತನ್ನು ಮುಖ ಸಿಂಡರಿಸಿಕೊಂಡು ಹೇಳಿದ. ಲಕ್ಷ್ಮಿದೇವಿಗೆ ಮಾತ್ರ, ಅವಳೇ ಒಪ್ಪಿಕೊಳ್ಳುವಂತೆ, ಒಳಗೊಳಗೇ ಹಿಗ್ಗಾಯಿತು. ಒಂದೂವರೆ ತಿಂಗಳಲ್ಲಿ ಚಿತ್ರದ ತುಣುಕುಗಳನ್ನು ಜೋಡಿಸಿದವರು ಯಾರು ಎಂದು ತಾನಾಗಿ ಕೇಳಿದ್ದು ಆ ಮುದುಕಿ ಒಬ್ಬಳೇ. ಕಾಲೇಜಿಗೆ ಯಾರಾದರೂ ಬಂದಾಗ ನಿಂಗರಾಜು ಎಲ್ಲರನ್ನೂ ಪರಿಚಯಿಸಿ, ಇವನು ಕ್ಯಾಮರಾ, ಇವನು ಕಥೆ, ಇವಳು ಸೌಂಡು, ಕೊನೆಗೆ ಇವಳು ಕಂಪ್ಯೂಟರ್ ಕೆಲಸ ನೋಡ್ಕೋತಾಳೆ ಎನ್ನುತ್ತಿದ್ದ. ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬುವವರಿಗೂ ಇದೇ ಹೆಸರು. ಊಟಕ್ಕಿಲ್ಲದ ಉಪ್ಪಿನಕಾಯಿಯ ಹಾಗೆ ಇದ್ದ ಕಂಪ್ಯೂಟರ್ ಕೆಲಸದವಳನ್ನು ಈಗ ಊರಿಗೆ ಊರೇ ಕರೆಸಿಕೊಳ್ಳುತ್ತಿತ್ತು.

ಬಸ್ಸು ಮಧುವನಹಳ್ಳಿ ದಾಟಿತು. ಪಕ್ಕದಲ್ಲಿ ಕೂತ ಹೆಂಗಸು ಮೊಣಕೈಯಿಂದ ತಿವಿಯುತ್ತಲೇ ನಿದ್ದೆ ಮಾಡುತ್ತಿದ್ದಳು. ಲಕ್ಷ್ಮಿದೇವಿ ಹೇಳಬೇಕಾದ ಮಾತನ್ನು ಹಿಂದು ಮುಂದು ಮಾಡಿ ಜೋಡಿಸಿಕೊಂಡಳು. ಮೊದಲು ಮೇಷ್ಟ್ರು ಕಣ್ಣೊರೆಸಿಕೊಂಡದ್ದು ಹೇಳುವುದು. ಆಮೇಲೆ, ಅಜ್ಜಿ, ನಿಮ್ಮ ದನಿ ಇಲ್ಲದಿದ್ದರೆ ಈ ಚಿತ್ರಕ್ಕೆ ಜೀವವೇ ಇಲ್ಲ ಎನ್ನುವುದು. ಹಾಗೆ ಹೇಳಿದರೆ ಯಾರು ತಾನೆ ಬೇಡ ಎಂದಾರು. ಅವಳಿಗೆ ತನ್ನ ಕೈಯ ಮೇಲೆ ನಂಬಿಕೆ ಇತ್ತು. ಯಾವ ಮಾತನ್ನು ಎಲ್ಲಿ ನಿಲ್ಲಿಸಿದರೆ ಕೇಳುವವನ ಎದೆಗೆ ಬೀಳುತ್ತದೆ ಎಂಬುದು ಅವಳಿಗೆ ಯಾರೂ ಕಲಿಸದೆ ಬಂದಿತ್ತು. ಸತ್ತೇಗಾಲದ ಮನೆಯಲ್ಲಿ ಅವಳ ಅವ್ವ ಬೆಳಗ್ಗೆ ಬೇರೆಯವರ ಮೇಲಿನ ಸಿಟ್ಟನ್ನೆಲ್ಲ ಪಾತ್ರೆಯ ಮೇಲೆ ತೀರಿಸಿಕೊಳ್ಳುವಾಗ, ಯಾವ ತಟ್ಟೆ ಎಷ್ಟು ಜೋರಾಗಿ ಬಿದ್ದರೆ ಯಾರನ್ನು ಬೈದಂತೆ ಎಂದು ಚಿಕ್ಕಂದಿನಿಂದ ಕೇಳಿ ಕೇಳಿ ಬೆಳೆದವಳು. ಕಾಲೇಜಿನ ಲ್ಯಾಬಿನಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತರೆ ಮನುಷ್ಯರು ಮಾತಿಗೆ ಮುಂಚೆ ತೆಗೆದುಕೊಳ್ಳುವ ಉಸಿರು ಕೂಡ ಅವಳಿಗೆ ಕೇಳುತ್ತಿತ್ತು. ಉಸಿರು ಇಟ್ಟರೆ ಮಾತು ನಿಜ, ತೆಗೆದರೆ ಮಾತು ಚುರುಕು. ಯಾರಿಗೆ ಉಸಿರು ಬೇಕು, ಯಾರಿಗೆ ಬೇಡ ಎಂದು ತೀರ್ಮಾನ ಮಾಡುವುದರಲ್ಲಿ ಒಂದು ದೊರೆತನವಿತ್ತು. ನಿಂಗರಾಜು ಒಂದು ಶಾಟಿನಲ್ಲಿ ತಾನೇ ಅಂಗಡಿಯವನಾಗಿ ನಟಿಸಿದ್ದ. ಅವನ ಮೂರು ಮಾತುಗಳಲ್ಲಿ ಎರಡನ್ನು ಅವಳು ಯಾರಿಗೂ ಹೇಳದೆ ತೆಗೆದುಹಾಕಿದ್ದಳು. ಅದು ಚಿತ್ರಕ್ಕಾಗಿ ಎಂದು ಅವಳು ಹೇಳಿಕೊಂಡಿದ್ದಳು, ಅರ್ಧ ನಿಜವೂ ಆಗಿತ್ತು.

ಆ ಸಾವಿನ ದೃಶ್ಯದ ಶೂಟಿಂಗಿಗೆ ಅವಳು ಹೋಗಿರಲಿಲ್ಲ. ಕಂಪ್ಯೂಟರ್ ಕೆಲಸದವಳಿಗೆ ಅಲ್ಲೇನು ಕೆಲಸ ಎಂದು ಗುಂಪಿನವರು ಕರೆದೂ ಇರಲಿಲ್ಲ. ಹಾಗಾಗಿ ಅವಳು ಅದನ್ನು ಮೊದಲು ಕಂಡದ್ದು ಲ್ಯಾಬಿನಲ್ಲಿ. ಮುದುಕ ಕಣ್ಣು ಮುಚ್ಚುತ್ತಾನೆ, ಎದೆ ಏರಿಳಿಯದ ಹಾಗೆ ಹಿಡಿದಿರುತ್ತಾನೆ, ನಿಂಗರಾಜು ಕಟ್ ಎನ್ನುವುದನ್ನೇ ಮರೆತು ನೋಡುತ್ತ ನಿಂತಿರುತ್ತಾನೆ, ಕ್ಯಾಮರಾ ಓಡುತ್ತಲೇ ಇರುತ್ತದೆ. ಆಗ ಒಂದು ಹೆಣ್ಣುದನಿ, ಹತ್ತಿರದಲ್ಲೇ, ಗಟ್ಟಿಯೂ ಅಲ್ಲ ಮೆಲ್ಲಗೂ ಅಲ್ಲ: ದೊಡ್ಡಮಾದಯ್ಯಾ. ಸ್ವಲ್ಪ ತಡೆದು ಮತ್ತೆ. ಮತ್ತೆ ತಡೆದು ಮತ್ತೆ. ಮೂರನೆಯದು ಮುಗಿದ ಮೇಲೆ ಹೆಡ್‌ಫೋನಿನಲ್ಲಿ ಮಾತ್ರ ಕೇಳುವಷ್ಟು ಸಣ್ಣದಾಗಿ ಮುದುಕ ಓ ಎನ್ನುತ್ತಾನೆ, ಎದ್ದು ಕೂರುತ್ತಾನೆ, ಒಂದು ಕೈ ಚೊಂಬು ಚಾಚುತ್ತದೆ, ಯಾರೋ ನಗುತ್ತಾರೆ, ನಿಂಗರಾಜು ಅಯ್ಯೋ ಕಟ್ ಎನ್ನುತ್ತಾನೆ. ಇದು ನಟನೆಯಲ್ಲ ಎಂದು ಅವಳಿಗೆ ಆ ಕ್ಷಣಕ್ಕೇ ಗೊತ್ತಾಗಿತ್ತು. ಫೋನು ಮಾಡಿ ನಿಂಗರಾಜುವನ್ನು ಕೇಳಿದ್ದಳು. ಅದೇನೋ ಅವರ ನಾಟಕದ ಮಂಡಳಿಯ ಶಾಸ್ತ್ರ, ಸತ್ತ ಪಾರ್ಟಿನವರನ್ನ ಮನೆಯವರು ಕರೆದು ಎಬ್ಬಿಸ್ತಾರಂತೆ, ಅದನ್ನ ಕಟ್ ಮಾಡಿ ಬಿಸಾಕು ಎಂದಿದ್ದ ಅವನು. ಅವಳು ಬಿಸಾಕಲಿಲ್ಲ. ಮೂರು ಕೂಗನ್ನು ಇಟ್ಟುಕೊಂಡು, ಓ ಶುರುವಾಗುವುದಕ್ಕೆ ಒಂದು ಕೂದಲೆಳೆಯಷ್ಟು ಮುಂಚೆ ಕತ್ತರಿಸಿದಳು. ಓ ಕೇಳಿಸಿದ ಮೇಲೂ ಕತ್ತರಿಸಿದಳು. ಬಸ್ಸಿನಲ್ಲಿ ಈ ಒಂದು ವಿಷಯದ ಹತ್ತಿರ ಬಂದಾಗಲೆಲ್ಲ ಅವಳ ಮನಸ್ಸು ಪಕ್ಕಕ್ಕೆ ಸರಿದು ಕಿಟಕಿಯಾಚೆಯ ಮುಸುಕಿನ ಜೋಳದ ಹೊಲ ನೋಡುತ್ತಿತ್ತು. ಕಾಮಗೆರೆಯಲ್ಲಿ ಪಕ್ಕದ ಹೆಂಗಸು ಇಳಿದುಹೋದಳು. ಲಕ್ಷ್ಮಿದೇವಿ ಕಾಲು ಚಾಚಿ, ಎಲ್ಲ ಒಳ್ಳೆಯ ಎಡಿಟರುಗಳೂ ಹಾಗೇ ಮಾಡುತ್ತಿದ್ದರು ಎಂದುಕೊಂಡಳು.

ಹನೂರಿನಲ್ಲಿ ಇಳಿದು ಆಟೋ ಹಿಡಿದು ಹೋದರೆ ಊರ ಬಾಗಿಲಲ್ಲೇ ಮನೆ. ಆ ಜಗಲಿಯನ್ನು ಅವಳು ಲ್ಯಾಬಿನ ತೆರೆಯ ಮೇಲೆ ನೂರಾರು ಸಲ ನೋಡಿದ್ದಳು, ಅದರ ಕಂಬದ ಬಿರುಕು ಎಲ್ಲಿದೆ, ಬೆಳಗಿನ ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಲ್ಲ ಗೊತ್ತಿತ್ತು. ಆದರೆ ಅದು ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ. ಪುಟ್ಟಮಾದಮ್ಮ ಜಗಲಿಯ ಕೆಳಗೆ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ತೆಳ್ಳಗೆ, ನೆಟ್ಟಗೆ ಕೂತ ಹೆಂಗಸು. ಬಂದವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಚೀಲದ ಮೇಲೆ ಒಂದು ಗಳಿಗೆ ಕಣ್ಣು ನಿಲ್ಲಿಸಿ, ಕೂರು ಎಂದರು. ಅಷ್ಟರಲ್ಲಿ ಒಳಗಿನಿಂದ ದೊಡ್ಡಮಾದಯ್ಯನವರು ಬಂದರು. ತಲೆ ಬಾಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವರು ಸಿದ್ಧವಾಗಿಯೇ ಇದ್ದರು. ಲ್ಯಾಪ್‌ಟಾಪು ಬಿಚ್ಚುವವರೆಗೂ ಅವರಿಗೆ ತಾಳ್ಮೆ ಇರಲಿಲ್ಲ. ಅವಳು ಮೇಷ್ಟ್ರು ಕಣ್ಣೊರೆಸಿಕೊಂಡದ್ದನ್ನು ಹೇಳಬೇಕೆಂದುಕೊಂಡ ಜಾಗದಲ್ಲಿ ಅವರೇ ಮಾತು ಶುರುಮಾಡಿಬಿಟ್ಟರು. ಊರಿನ ಮಂಡಳಿಯಲ್ಲಿ ನಲವತ್ತು ವರ್ಷ ರಾಕ್ಷಸನ ಪಾರ್ಟು. ಸತ್ತದ್ದಕ್ಕೆ ಲೆಕ್ಕವಿಲ್ಲ. ಆದರೆ ನಾಟಕದಲ್ಲಿ ನೆಮ್ಮದಿಯಾಗಿ ಸಾಯಲು ಯಾರು ಬಿಡುತ್ತಾರೆ; ಬಿದ್ದ ತಕ್ಷಣ ಹಾರ್ಮೋನಿಯಂನವನು ಮುಂದಿನ ಹಾಡಿಗೆ ಕೈ ಹಾಕುತ್ತಾನೆ, ಕೊಂದವನು ಬಂದು ಎದೆಯ ಮೇಲೆ ಕಾಲಿಡುತ್ತಾನೆ, ಮುಂದೆ ಕೂತ ಮಕ್ಕಳು ಕಡಲೇಕಾಯಿ ಸಿಪ್ಪೆ ಎಸೆಯುತ್ತವೆ. ಇದರಲ್ಲಿ ಮಾತ್ರ ತಾನು ಪೂರ್ತಿ ಸತ್ತಿದ್ದೇನೆ ಎಂದು ಅವರು ಹೆಮ್ಮೆಯಿಂದ ಹೇಳಿದರು.

ಚಿತ್ರವನ್ನು ಪೂರ್ತಿ ತೋರಿಸಿದಳು. ದೊಡ್ಡಮಾದಯ್ಯನವರು ಮಂಡಿಯ ಮೇಲೆ ಕೈಯೂರಿ, ತನ್ನ ಮುಖ ಬಂದಾಗಲೆಲ್ಲ ತಲೆಯನ್ನು ಒಂದಿಷ್ಟು ವಾರೆ ಮಾಡಿ ನೋಡಿದರು. ಪುಟ್ಟಮಾದಮ್ಮ ಕೈಕೆಲಸ ಬಿಡದೆ ನೋಡಿದರು. ಕೊನೆಗೆ ಆ ಮುಖ ಬಂತು, ಆ ದನಿ ಬಂತು. ಮೊದಲ ಕೂಗಿಗೆ ಆಕೆಯ ಕೈ ನಿಂತಿತು. ಮೂರೂ ಆಯಿತು, ತೆರೆ ಕಪ್ಪಾಯಿತು, ಹೆಸರುಗಳು ಮೇಲೆ ಹೋಗತೊಡಗಿದವು. ಈಗ ಲಕ್ಷ್ಮಿದೇವಿ ಜೋಡಿಸಿಕೊಂಡು ಬಂದ ಮಾತು ಹೇಳಬೇಕಾಗಿತ್ತು. ಬಾಯಿ ತೆರೆದಳು ಕೂಡ. ಪುಟ್ಟಮಾದಮ್ಮ ಸಿಟ್ಟಿಲ್ಲದೆ, ಕಳೆದುಹೋದ ಸಾಮಾನು ಕೇಳುವ ಹಾಗೆ ಕೇಳಿದರು.

"ಆಮ್ಯಾಕೆ ಅವ್ರು ಓ ಅಂದ್ರಲ್ಲ ಕಣವ್ವ, ಅದ ಎಲ್ಲಿ ಮಡಗಿದ್ದೀಯ?"

ಯಾಕೆ ತೆಗೆದೆ ಎಂದಿದ್ದರೆ ಲಕ್ಷ್ಮಿದೇವಿ ಒಂದು ಗಂಟೆ ಮಾತಾಡುತ್ತಿದ್ದಳು. ಎಲ್ಲಿ ಇಟ್ಟಿದ್ದೀಯ ಎಂದರೆ ತೋರಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ತೆರೆಯ ಮೇಲೆ ತುಣುಕುಗಳು ಒಂದರ ಪಕ್ಕ ಒಂದು ಸಾಲಾಗಿ ಇರುವ ಜಾಗ ತೆಗೆದಳು, ಕೊನೆಯ ತುಣುಕಿನ ಅಂಚನ್ನು ಹಿಡಿದು ಬಲಕ್ಕೆ ಎಳೆದಳು. ಕತ್ತರಿಸಿದ್ದೆಲ್ಲ ಅದರ ಹಿಂದೆ ಮಡಚಿದ ಸೆರಗಿನ ಹಾಗೆ ಇದ್ದೇ ಇರುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಓ ಬಂತು. ಮುದುಕ ಎದ್ದು ಕೂತ, ಚೊಂಬು ಬಂತು, ನಗು ಬಂತು. ಪುಟ್ಟಮಾದಮ್ಮ ಇನ್ನೊಂದು ಸಲ ಎಂದರು. ಇನ್ನೊಂದು ಸಲ ತೋರಿಸಿದಳು. ಆಕೆ ಉಸಿರು ಬಿಟ್ಟು, ಜಜ್ಜುವ ಕಲ್ಲನ್ನು ಪಕ್ಕಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು. ಆಮೇಲೆ ಆಕೆ ಹೇಳಿದ್ದನ್ನು ಲಕ್ಷ್ಮಿದೇವಿ ಎಷ್ಟೋ ದಿನ ನೆನೆಸಿಕೊಂಡಳು. ಮದುವೆಯಾಗಿ ಬಂದು ಐವತ್ತು ವರ್ಷ. ಗಂಡನ ಹೆಸರು ಬಾಯಲ್ಲಿ ಹೇಳಿದವರಲ್ಲ. ಓಟಿನ ಚೀಟಿಯವರು ಬಂದು ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತಿದ್ದರು. ಪಾರ್ಟಿನಲ್ಲಿ ಸತ್ತವನನ್ನು ಕರೆದು ಎಬ್ಬಿಸುವುದು ಮೊದಲು ಅತ್ತೆಯ ಕೆಲಸವಾಗಿತ್ತು, ಹೆತ್ತವರು ಹೆಸರು ಹಿಡಿಯಬಹುದು. ಅತ್ತೆ ತೀರಿಕೊಂಡ ಮೇಲೆ ಅದು ಈಕೆಯ ಪಾಲಿಗೆ ಬಂತು. ಪರದೆ ಬಿದ್ದ ಮೇಲೆ, ಬಣ್ಣ ತೊಳೆಯುವುದಕ್ಕೆ ಮುಂಚೆ, ಹಿಂದೆ ಯಾರೂ ಇಲ್ಲದ ಕಡೆ ಮೂರು ಸಲ; ಅವರು ಓ ಎಂದ ಮೇಲೆ ಕುಡಿಯಲು ನೀರು. ವರ್ಷಕ್ಕೆ ಒಂದೋ ಎರಡೋ ನಾಟಕ. ಅಷ್ಟರಲ್ಲಿ ಮಾತ್ರ ಆ ಹೆಸರು ತನ್ನ ಬಾಯಿಗೆ ಬರುತ್ತಿತ್ತು ಎಂದು ಹೇಳುವಾಗ ಆ ಮುದುಕಿ ಮುಖ ತಗ್ಗಿಸಿದರು. ಲಕ್ಷ್ಮಿದೇವಿಗೆ ಅದು ನಾಚಿಕೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ದೊಡ್ಡಮಾದಯ್ಯನವರು ನಡುವೆ ಬಾಯಿ ಹಾಕಿದರು. ಕೂಗು ತೆಗೆದರೆ ಸಪ್ಪೆಯಾಗುತ್ತದೆ, ಉಪ್ಪಿಲ್ಲದ ಸಾರು. ಸತ್ತವನು ಓ ಅಂದರೆ ಜನ ನಗುತ್ತಾರೆ. ಈ ಮಗು ಸರಿಯಾಗಿ ಮಾಡಿದೆ, ನೀನು ಸುಮ್ಮನಿರು ಎಂದು ಹೆಂಡತಿಗೆ ಹೇಳಿ, ಲಕ್ಷ್ಮಿದೇವಿಯ ಕಡೆ ತಿರುಗಿ, ಕೈ ಹಚ್ಚಬೇಡ ಕಣವ್ವ ಎಂದರು. ಅವರ ದನಿಯಲ್ಲಿ ಬೇಡಿಕೆ ಇತ್ತು. ಎಪ್ಪತ್ತೆರಡರ ವಯಸ್ಸಿನಲ್ಲಿ ಮೊದಲ ಸಲ ಒಂದು ಪಾರ್ಟು ಮನಸ್ಸಿಗೆ ಒಪ್ಪುವ ಹಾಗೆ ಮಾಡಿದ ಮನುಷ್ಯ. ಲಕ್ಷ್ಮಿದೇವಿಗೆ ಅವರ ಮಾತೇ ಸರಿ ಎನಿಸಿತು. ಕಸುಬು ಗೊತ್ತಿದ್ದವರು ಇಬ್ಬರು ಒಂದು ಕಡೆ ಇದ್ದಾರೆ ಎಂದು ಧೈರ್ಯವೂ ಬಂತು. ಪುಟ್ಟಮಾದಮ್ಮ ಗಂಡನ ಕಡೆ ನೋಡಲಿಲ್ಲ.

"ಅವ್ರಿಗೆ ಸಾಯಾದು ಬತ್ತದ ಕಣವ್ವ, ಚೆಂದಾಗೇ ಬತ್ತದ. ಅದ ನೀ ಮಡಿಕೊ. ಕರ್ಯಾದು ನಂದು."

ಅತ್ತ ದರಿ, ಇತ್ತ ಪುಲಿ. ಆದರೆ ಲಕ್ಷ್ಮಿದೇವಿ ಸುಲಭಕ್ಕೆ ಸೋಲುವವಳಲ್ಲ. ಎರಡು ತುಣುಕು ಹೊಂದದಿದ್ದರೆ ನಡುವೆ ಮೂರನೆಯದೊಂದನ್ನು ಹಾಕಿದರೆ ಹೊಂದುತ್ತವೆ, ಅದು ಅವಳ ಅನುಭವ. ತಟ್ಟನೆ ಹೊಳೆಯಿತು. ಅಜ್ಜಿ, ಹೀಗೆ ಮಾಡೋಣ ಎಂದಳು. ಕೂಗು ಇರಲಿ. ತೆರೆ ಕಪ್ಪಾಗಲಿ. ಆಮೇಲೆ ಕೆಲಸ ಮಾಡಿದವರ ಹೆಸರುಗಳು ಹೋಗುತ್ತವಲ್ಲ, ಅವೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಅಜ್ಜನ ಓ ಹಾಕುತ್ತೇನೆ. ನೋಡುವವರಿಗೆ ಸಾವೂ ಆಯಿತು, ನಿಮಗೆ ಉತ್ತರವೂ ಆಯಿತು. ಹೇಳುತ್ತ ಹೇಳುತ್ತ ಅವಳಿಗೇ ರೋಮಾಂಚನವಾಯಿತು. ಇದು ಮೊದಲಿಗಿಂತ ಚೆನ್ನಾಗಿತ್ತು. ತೀರ್ಪುಗಾರರು ಎದ್ದು ನಿಲ್ಲುತ್ತಾರೆ. ದೊಡ್ಡಮಾದಯ್ಯನವರೂ ತಲೆದೂಗಿದರು. ಪುಟ್ಟಮಾದಮ್ಮ ಯೋಚಿಸಿದರು. ಹೆಸರು ಮುಗಿಯುವುದಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು. ಜಾಸ್ತಿ ಇಲ್ಲ, ಒಂದೂವರೆ ನಿಮಿಷ ಎಂದಳು ಲಕ್ಷ್ಮಿದೇವಿ. ಮುದುಕಿ ಅವಳ ಮುಖವನ್ನೇ ನೋಡಿದರು.

"ಅಲ್ಲಿಗಂಟ ನಾನು ಕಾಯ್ಕಂಡು ಕೂತಿರ್ಬೇಕಾ?"

ಒಂದೂವರೆ ನಿಮಿಷವನ್ನು ಲಕ್ಷ್ಮಿದೇವಿ ಲ್ಯಾಬಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಅಳೆದಿದ್ದಳು. ಅದು ಒಂದು ಅಂಗುಲದಷ್ಟು ಉದ್ದದ ಪಟ್ಟಿ. ಅದರೊಳಗೆ ಒಬ್ಬಳು ಕೂತು ಕಾಯುತ್ತಾಳೆ ಎಂಬುದು ಹೊಳೆದಿರಲಿಲ್ಲ. ಮತ್ತೆ ಅದು ಒಂದೂವರೆ ನಿಮಿಷವೂ ಅಲ್ಲ. ಈಗಿರುವಂತೆ ಚಿತ್ರ ಹೋದರೆ ಆ ಹೆಂಗಸು ಎಲ್ಲೆಲ್ಲೋ, ಯಾರ್ಯಾರ ಫೋನಿನಲ್ಲೋ ಕರೆಯುತ್ತಲೇ ಇರುತ್ತಾಳೆ, ಅವಳಿಗೆ ಓ ಎನ್ನುವವರು ಯಾರೂ ಇರುವುದಿಲ್ಲ. ಲ್ಯಾಬಿನ ಆ ಮಧ್ಯಾಹ್ನ ನೆನಪಾಯಿತು, ಓ ಕೇಳಿ, ಕೇಳಿದ ಮೇಲೂ ಬೆರಳು ಆಡಿಸಿದ್ದು. ಆಗ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನೋಡಿದಳು, ಆದರೆ ಗೊತ್ತಿತ್ತು. ಪೂರ್ತಿ ಅಲ್ಲದಿದ್ದರೂ ಸಾಕಷ್ಟು ಗೊತ್ತಿತ್ತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು, ತನ್ನ ಮೇಲೆ. ಕಿವಿ ಅಷ್ಟು ಚುರುಕು ಎಂದು ಮೆರೆಯುತ್ತಿದ್ದವಳಿಗೆ ಕೇಳಿಸಿದ್ದು ಕೇಳಿಸಲಿಲ್ಲವಲ್ಲ ಎಂದು. ಆಮೇಲೆ ಜಗಲಿಯ ಮೇಲೆಯೇ ಕಾಲು ಮಡಚಿ ಕೂತು, ಲ್ಯಾಪ್‌ಟಾಪನ್ನು ಎಳೆದುಕೊಂಡು, ದನಿಯ ಪಟ್ಟಿಯಲ್ಲಿ ಮೂರು ಕೂಗುಗಳನ್ನು ಒಂದೊಂದಾಗಿ ಮುಟ್ಟಿ ತೆಗೆದುಹಾಕಿದಳು. ಪುಟ್ಟಮಾದಮ್ಮ ಬಗ್ಗಿ ನೋಡುತ್ತಿದ್ದರು. ಚಿತ್ರದ ಕೊನೆಯನ್ನು ಮತ್ತೆ ಓಡಿಸಿ ತೋರಿಸಿದಳು. ಮುಖ ಮಾತ್ರ ಇತ್ತು, ಹಿಂದೆ ಎಲ್ಲೋ ಒಂದು ಕೋಳಿ, ಆಮೇಲೆ ಕಪ್ಪು. ಸಪ್ಪೆಯೇ ಆಗಿತ್ತು. ದೊಡ್ಡಮಾದಯ್ಯನವರು ಎದ್ದು ಒಳಗೆ ಹೋಗಿ ಬಿಳಿ ಅಂಗಿ ಬಿಚ್ಚಿ ಬಂದರು. ಪುಟ್ಟಮಾದಮ್ಮ ಮುದ್ದೆ ಉಣ್ಣದೆ ಹೋಗಬೇಡ ಎಂದರು. ಅವಳು ಎರಡು ಮುದ್ದೆ ಉಂಡಳು, ಹುರುಳಿ ಸಾರು ಚೆನ್ನಾಗಿತ್ತು.

ನಿಂಗರಾಜು ಫೋನಿನಲ್ಲಿ ಹಾರಾಡಿದ. ವಾಪಸು ಬರುವ ಬಸ್ಸಿನಲ್ಲಿ ಕೂತವರಿಗೆಲ್ಲ ಕೇಳಿಸುವಷ್ಟು. ಗೆದ್ದು ಬಾ ಎಂದು ಕಳಿಸಿದರೆ ಕೊಟ್ಟು ಬಂದಿದ್ದೀಯ, ಆರು ಜನ ದುಡಿದದ್ದು, ನಿನ್ನೊಬ್ಬಳದಲ್ಲ. ಅವಳು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: ಅದು ನಮ್ಮದಲ್ಲ, ನಮ್ಮದು ಅಂತ ನಾನು ಅಂದುಕೊಂಡಿದ್ದೆ, ತಪ್ಪು ನಂದು, ಸರಿ ಮಾಡಿದ್ದೇನೆ. ಅವನು ಸ್ವಲ್ಪ ತಣ್ಣಗಾಗಿ, ಹಾಗಾದರೆ ಆ ಹನ್ನೊಂದು ಸೆಕೆಂಡನ್ನಾದರೂ ಕಡಿಮೆ ಮಾಡು, ಕೂಗಿಲ್ಲದೆ ಬರೀ ಮುಖ ಅಷ್ಟು ಹೊತ್ತು ಯಾರು ನೋಡುತ್ತಾರೆ, ನಾಲ್ಕು ಸಾಕು ಎಂದ. ಕಸುಬಿನ ಮಾತು ಅದು, ಅವನ ಬಾಯಿಂದ ಬಂದರೂ ಸರಿಯಾದ ಮಾತು. ಬೇರೆ ದಿನವಾಗಿದ್ದರೆ ಅವನಿಗಿಂತ ಮೊದಲು ಅವಳೇ ಕತ್ತರಿಸಿರುತ್ತಿದ್ದಳು. ಇಲ್ಲ, ಅದು ಹಾಗೇ ಇರುತ್ತದೆ ಎಂದಳು. ಯಾಕೆ ಎಂದ. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ಕೈ ಒಪ್ಪುತ್ತಿರಲಿಲ್ಲ. ತನ್ನ ಕೈಯ ಮೇಲಿನ ನಂಬಿಕೆ ಬೆಳಗ್ಗೆ ಎಷ್ಟಿತ್ತೋ ಈಗಲೂ ಅಷ್ಟೇ ಇದೆ ಎಂದು ತಿಳಿದು ಅವಳಿಗೆ ಆಶ್ಚರ್ಯವಾಯಿತು, ಸಮಾಧಾನವೂ ಆಯಿತು. ಕೊನೆಗೆ ನಿಂಗರಾಜು, ಸರಿ ಕಣಮ್ಮ ಎಡಿಟರಮ್ಮ, ನಾಳೆ ಜನ ಬೈದರೆ ನೀನೇ ಬೈಸಿಕೊ ಎಂದು ಇಟ್ಟ. ಅವನು ಅವಳನ್ನು ಎಡಿಟರ್ ಎಂದು ಕರೆದದ್ದು ಅದೇ ಮೊದಲು, ಅದೂ ಬೈಯುವಾಗ.

ಮಾರನೆಯ ಮಧ್ಯಾಹ್ನ ಸಭಾಂಗಣದ ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲು ಮಾಡಿದ್ದರು. ಮುನ್ನೂರು ಹುಡುಗ ಹುಡುಗಿಯರ ಬೆವರು, ಫ್ಯಾನಿನ ಕಿರುಗುಟ್ಟುವಿಕೆ. ದೊಡ್ಡಮಾದಯ್ಯನವರು ಅದೇ ಬಿಳಿ ಅಂಗಿಯಲ್ಲಿ ಬಂದಿದ್ದರು, ಪುಟ್ಟಮಾದಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ಅವರಿಬ್ಬರನ್ನು ಎರಡನೆಯ ಸಾಲಿನಲ್ಲಿ ಕೂರಿಸಿ ಲಕ್ಷ್ಮಿದೇವಿ ಅವರ ಹಿಂದೆಯೇ ಕೂತಳು, ಅವಳ ಪಕ್ಕ ನಿಂಗರಾಜು. ಅವಳಿಗೆ ಗುಂಪು ಒಂದು ಕೆಲಸ ಕೊಟ್ಟಿತ್ತು. ಜನ ಚಿತ್ರ ನೋಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಬೇಕು, ಆಮೇಲೆ ಸ್ಟೇಟಸ್ಸಿಗೆ ಹಾಕಿಕೊಳ್ಳಲು ಬೇಕಾಗುತ್ತದೆ. ಅವಳು ಫೋನನ್ನು ಮುಂದಿನ ಕುರ್ಚಿಯ ಬೆನ್ನಿಗೆ ಆನಿಸಿ ಹಿಡಿದಿದ್ದಳು. ಚಿತ್ರ ಚೆನ್ನಾಗಿ ಹೋಯಿತು. ಯಂತ್ರ ಒಪ್ಪದಾಗ ಜನ ನಕ್ಕರು, ಮೂರನೆಯ ಸಲಕ್ಕೆ ನಗು ನಿಂತಿತು, ಎಲ್ಲಿ ನಿಲ್ಲಬೇಕೆಂದು ಅವಳು ಎಣಿಸಿದ್ದಳೋ ಅಲ್ಲೇ. ತನ್ನದೊಂದು ಮಾತಿಗೆ ಚಪ್ಪಾಳೆ ಬಿದ್ದಾಗ ನಿಂಗರಾಜು ಅವಳ ಕಡೆ ನೋಡಿ, ಮಿಕ್ಕೆರಡು ಎಲ್ಲಿ ಎಂಬಂತೆ ಹುಬ್ಬೇರಿಸಿದ. ಅವಳು ನೋಡದವಳ ಹಾಗೆ ಇದ್ದಳು.

ಆಮೇಲೆ ಜಗಲಿ, ಮಡಚಿದ ಚೀಲ, ಮುಚ್ಚಿದ ಕಣ್ಣು. ಮುಖ ತೆರೆಯ ತುಂಬ ಬಂತು. ದನಿ ಇಲ್ಲ. ಒಂದು, ಎರಡು, ಮೂರು ಸೆಕೆಂಡು. ಹಿಂದಿನ ಸಾಲಿನಲ್ಲಿ ಯಾರೋ ಮುಗೀತಾ ಎಂದರು, ಇನ್ಯಾರೋ ಕೆಮ್ಮಿದರು. ನಿಂಗರಾಜು ಹಲ್ಲು ಕಚ್ಚಿಕೊಂಡು ಕೂತಿದ್ದ. ತಾನು ಹಾಳು ಮಾಡಿಬಿಟ್ಟೆ ಎಂದು ಲಕ್ಷ್ಮಿದೇವಿಗೆ ಒಂದು ಗಳಿಗೆ ಅನ್ನಿಸಿದ್ದು ನಿಜ. ಆಗ ಮುಂದಿನ ಸಾಲಿನಲ್ಲಿ ಪುಟ್ಟಮಾದಮ್ಮ ಗಂಡನ ಕಡೆ ವಾಲಿದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಪಕ್ಕದವರಿಗೂ ಕೇಳದ ಹಾಗೆ ಕರೆದರು: ದೊಡ್ಡಮಾದಯ್ಯಾ. ಲಕ್ಷ್ಮಿದೇವಿಗೆ ಕೇಳಿಸಿತು. ಅವಳ ಕೈಯಲ್ಲಿ ಫೋನು ಸರಿಯಾಗಿ ಅವರ ಹಿಂದೆಯೇ ಇತ್ತು, ಕೆಂಪು ಚುಕ್ಕೆ ಉರಿಯುತ್ತಿತ್ತು, ಮುದುಕಿಯ ಕೆನ್ನೆ, ಮುದುಕನ ಕಿವಿ, ಎರಡರ ನಡುವಿನಿಂದ ತೆರೆಯ ಮೇಲಿನ ಸತ್ತ ಮುಖ, ಮೂರೂ ಒಂದೇ ಚೌಕದಲ್ಲಿ ಬಂದು ಕೂತಿದ್ದವು. ಇಂಥ ಶಾಟ್ ಯಾರಿಗೂ ಬೇಕೆಂದರೆ ಸಿಗುವುದಿಲ್ಲ. ಅವಳು ಹೆಬ್ಬೆರಳು ಒತ್ತಿ ನಿಲ್ಲಿಸಿದಳು, ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು.

ಎರಡನೆಯ ಸಲ ಕರೆದರು. ದೊಡ್ಡಮಾದಯ್ಯನವರು ತೆರೆಯಿಂದ ಕಣ್ಣು ಕೀಳದೆ, ಸುಮ್ಕಿರು, ಇನ್ನೂ ಮುಗ್ದಿಲ್ಲ ಎಂದು ಗೊಣಗಿದರು. ಮೂರನೆಯ ಸಲ ಕರೆದರು. ತೆರೆ ಕಪ್ಪಾಯಿತು. ಆ ಕತ್ತಲಲ್ಲಿ, ಸಾಯುವುದನ್ನು ಅರ್ಧಕ್ಕೆ ಬಿಡಲು ಮನಸ್ಸಿಲ್ಲದ ಮನುಷ್ಯನೊಬ್ಬ ಹೆಂಡತಿಗಾಗಿ 'ಓ' ಎಂದದ್ದು ಲಕ್ಷ್ಮಿದೇವಿಗೆ ಕೇಳಿಸಿತು. ಬಾಟಲಿಯ ಮುಚ್ಚಳ ತಿರುಗುವ ಸದ್ದು, ನೀರು ಕುಡಿಯುವ ಸದ್ದು. ಅಷ್ಟು ಹೊತ್ತಿಗೆ ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ಶುರುವಾಗಿತ್ತು, ಅಂಥ ಜೋರಿನದಲ್ಲ. ನಿಂಗರಾಜು ಅವಳ ತೋಳು ಹಿಡಿದು ಅಲ್ಲಾಡಿಸಿದ. ಅವನಿಗೂ ಏನೋ ಕೇಳಿಸಿತ್ತು; ಮುಖ ಬೇರೆಯಾಗಿತ್ತು.

"ಸಿಕ್ತಾ? ಅಜ್ಜಿ ಕರೆದದ್ದು, ರೆಕಾರ್ಡಲ್ಲಿ ಸಿಕ್ತಾ?"

"ಇಲ್ಲ," ಎಂದಳು ಲಕ್ಷ್ಮಿದೇವಿ. "ಕಟ್ ಮಾಡ್ದೆ."